ಪೂರ್ತಿ ಹೊಡೆಯದ ಮೊಳೆ

ಕಾಡಿನ ದಾರಿ ತಾನಾಗಿಯೇ ಹುಟ್ಟಿಕೊಂಡದ್ದೆಂದು ನಡೆಯುವವರಿಗೂ ಓಡುವವರಿಗೂ ತೋರಿದರೆ, ಅದನ್ನು ಕಡಿದವರ ಕೈ ಒಳ್ಳೆಯದೆಂದೇ ಅರ್ಥ. ನ್ಯೂಜಿಲೆಂಡಿನ ಉತ್ತರದ ಪುಕೆಮಾತಾ ಬೆಟ್ಟಸಾಲಿನಲ್ಲಿ ಅಂಥ ದಾರಿಗಳು ಅರವತ್ತೆರಡು ಕಿಲೋಮೀಟರಿನಷ್ಟಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಶ್ರೀಮತಿ ಹುಹಾನಾ ರೆವೆತಿಯವರ ಗುದ್ದಲಿಯಿಂದ ಮೂಡಿದವು. ಮೂವತ್ತನಾಲ್ಕು ವರ್ಷ ದಾರಿ ಕೆಲಸದ ತಂಡದಲ್ಲಿ ದುಡಿದು, ಅದರಲ್ಲಿ ಇಪ್ಪತ್ತೈದು ವರ್ಷ ಮುಖ್ಯಸ್ಥರಾಗಿದ್ದು, ಕಳೆದ ಮಾರ್ಚಿನಲ್ಲಿ ಅವರು ನಿವೃತ್ತರಾದರು. ಈ ವಿದ್ಯೆಯಲ್ಲಿ ಅವರಿಗೆ ಸಮಾನರು ನಮ್ಮ ಸೀಮೆಯಲ್ಲಿಲ್ಲ. ಹೀಗಿದ್ದೂ ಅವರ ಸೇವಾ ಕಡತದಲ್ಲಿ ಇಂದಿಗೂ ಒಂದು ಕಪ್ಪು ಷರಾ ಕುಳಿತಿದೆ. ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಬರಬಾರದೆಂದು ನಮ್ಮ ನಡಿಗೆ ಕೂಟದ ಕೆಲವರು ಹೇಳಿದರು. ಇಲ್ಲಿ ಬಾರದಿದ್ದರೆ ಅದು ಮತ್ತೆಲ್ಲಿಯೂ ಬರುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುವುದು ಲೇಸು.

ಹುಹಾನಾ ಅವರು ತಂಡ ಸೇರಿದ್ದು ೧೯೯೦ರಲ್ಲಿ, ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿ. ಆಗಿನ ಮುಖ್ಯಸ್ಥರಾದ ಡೆಸ್ ಹಾರ್ಕಿನ್ ಅವರು ಮೊದಲ ದಿನ ಕೈಗೆ ಕೊಟ್ಟದ್ದು ಒಂದು ಸುತ್ತಿಗೆ ಮತ್ತು ಒಂದು ಚೀಲದಷ್ಟು ಕಿತ್ತಳೆ ಬಣ್ಣದ ತ್ರಿಕೋನ ಬಿಲ್ಲೆಗಳನ್ನು. ನಡೆಯುವವರು ದಾರಿ ತಪ್ಪದಂತೆ ಮರಗಳಿಗೆ ಹೊಡೆಯುವ ಗುರುತುಗಳವು. ಹೊಸಬರ ಹುರುಪಿನಲ್ಲಿ ಅವರು ಮೊದಲ ಮೊಳೆಯನ್ನು, ಅದರ ತಲೆ ತೊಗಟೆಗೆ ತಾಗುವಂತೆ, ತಲೆಮಟ್ಟ ಹೊಡೆದರು.

“ಮರ ಏನು ತಪ್ಪು ಮಾಡ್ತು ಅಂತ ಹಿಂಗ್ ಹೊಡೀತಿದ್ದೀಯೇ ಹುಡುಗಿ?” ಎಂದರು ಡೆಸ್. “ಒಂದು ಬೆರಳು ಆಚೆ ಬಿಡು. ವರ್ಷ ಕಳೆದ ಹಾಗೆ ಮರ ದಪ್ಪ ಆಗುತ್ತೆ, ನನ್ನ ಥರ.”

“ನಿಮ್ಮ ಥರ ಆಗೋದಾದ್ರೆ ಒಂದು ಬೆರಳು ಎಲ್ಲಿ ಸಾಕು ಡೆಸ್, ಒಂದು ಗೇಣು ಬಿಡಬೇಕು.”

ನಗೆಯ ನಡುವೆ ಕಲಿತ ಈ ಪಾಠವನ್ನು ಅವರು ಎಂದೂ ಬಿಡಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ದಾರಿಯುದ್ದಕ್ಕೂ ನಡೆದು, ತೊಗಟೆ ನುಂಗಲು ಹೊರಟ ಪ್ರತಿಯೊಂದು ಮೊಳೆಯನ್ನೂ ಬೆರಳಿನಷ್ಟು ಹೊರಗೆಳೆಯುತ್ತಿದ್ದರು. ಈ ಕೆಲಸ ಕಚೇರಿಯ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಬಹುಪಾಲು ಅವರು ತಮ್ಮ ರಜೆಯಲ್ಲೇ ಅದನ್ನು ಮಾಡಿದರು.

ಅವರ ಕರುಣೆಗಳೆಲ್ಲ ಕಾಲಿಗೆ ತಿಳಿಯುವಂಥವು, ಕಣ್ಣಿಗೆ ಕಾಣುವಂಥವಲ್ಲ. ನಮ್ಮ ಕೂಟದ ಬೆರಿಲ್ ಲಾಕ್ಯರ್ ಅವರು ಮಂಡಿನೋವಿನಿಂದ ಅಡ್ಡಡ್ಡವಾಗಿ ಮೆಟ್ಟಿಲೇರುವುದನ್ನು ಒಂದು ಭಾನುವಾರ ಅವರು ಕಂಡರು. ಮುಂದಿನ ತಿಂಗಳು ನಾವು ಮತ್ತೆ ಹೋಗುವಷ್ಟರಲ್ಲಿ ಆ ಏರಿನ ಪ್ರತಿ ಎರಡು ಮೆಟ್ಟಿಲ ನಡುವೆ ಇನ್ನೊಂದು ಗಿಡ್ಡ ಮೆಟ್ಟಿಲು ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಪ್ರತಿ ಚಳಿಗಾಲ ಈ ದಾರಿಗಳಲ್ಲಿ ನಡೆಯುವ ಓಟದ ಸ್ಪರ್ಧೆಯ ಹಿಂದಿನ ದಿನ ಹಲಗೆ ಸೇತುವೆಗಳ ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಕೆರೆದು ಬರುತ್ತಿದ್ದುದೂ ಹೀಗೆಯೇ. ದಾರಿಯ ಬೆಂಚೊಂದನ್ನು ಕಡಲು ಕಾಣುವ ತಿರುವಿನಲ್ಲಿ ಇಡದೆ, ಏನೂ ಕಾಣದ ಕಡಿದಾದ ಏರಿನಲ್ಲಿ ಇಟ್ಟದ್ದೇಕೆಂದು ಯಾರೋ ಆಕ್ಷೇಪಿಸಿದಾಗ ಅವರು ಹೇಳಿದ್ದು ಇಷ್ಟೇ: “ಚೆನ್ನಾಗಿ ಕಾಣೋ ಕಡೆ ಜನ ಹೇಗೂ ನಿಲ್ತಾರೆ. ಏದುಸಿರು ಬರೋ ಕಡೆ ಕೂರಬೇಕು ಅನ್ಸುತ್ತೆ.”

ಇಂಥವರ ಮೇಲೆ ಅಜಾಗರೂಕತೆಯ ಆರೋಪ ಬಂತು.

ಪುಕೆಮಾತಾದ ನಡುಗಾಡಿನಲ್ಲಿ ಆರುನೂರು ವರ್ಷದ ಒಂದು ಕೌರಿ ಮರವಿತ್ತು. ಎಂಟು ಜನ ಕೈ ಹಿಡಿದು ನಿಂತರೂ ಅದರ ಬುಡ ತಬ್ಬಿಗೆ ಸಿಗುತ್ತಿರಲಿಲ್ಲ. ಊರವರು ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ೨೦೦೧ರಲ್ಲಿ ವಲಯ ಕಚೇರಿಯು ಹೊಸ ದಾರಿಯ ನಕ್ಷೆ ಮಾಡಿ, ಜನ ಅಜ್ಜಿಯನ್ನು ಮುಟ್ಟಿ ನೋಡಲಿ ಎಂದು ದಾರಿಯನ್ನು ಅವಳ ಬುಡದ ಮೇಲೆಯೇ ಹಾಯಿಸಿತು. ಹುಹಾನಾ ಅವರು ನಾನೂರು ಮೀಟರ್ ಸುತ್ತಾಗಿ ದಿಬ್ಬದ ಮೇಲೆ ಬೇರೊಂದು ದಾರಿ ಗುರುತಿಸಿ, ಗೂಟ ಹೊಡೆದು, ಯೋಜನಾಧಿಕಾರಿಯನ್ನು ಸ್ಥಳಕ್ಕೆ ಕರೆದು ತೋರಿಸಿದರು.

“ಕೌರಿಯ ಉಸಿರೆಲ್ಲ ಮೇಲಿನ ಬೇರಲ್ಲೇ ಇರೋದು. ಮರದ ಪಾದ ತುಳೀಬೇಡಿ ಅಂತ ನಮ್ಮಜ್ಜಿ ಹೇಳೋಳು,” ಎಂದರು.

“ನಿಮ್ಮಜ್ಜಿ ನಕ್ಷೆಗೆ ಸಹಿ ಹಾಕಲ್ವಲ್ಲ ಹುಹಾನಾ,” ಎಂದರು ಆ ಅಧಿಕಾರಿ. “ಗೂಟ ಕಿತ್ತುಬಿಡಿ.”

ಹೊಡೆದ ಕೈಯಿಂದಲೇ ಅವರು ಗೂಟ ಕಿತ್ತರು. ಆ ಸಂಜೆ ಕೆಲಸದ ಡೈರಿಯಲ್ಲಿ, “ಬೇರಿನ ಮೇಲೆ ದಾರಿ ಬೇಡವೆಂದೆ. ಒಪ್ಪಲಿಲ್ಲ. ನಾಳೆಯಿಂದ ಕೆಲಸ,” ಎಂದು ಬರೆದರು.

ಹದಿಮೂರು ವರ್ಷದ ಮೇಲೆ ಅಜ್ಜಿಯ ತುದಿ ಹಳದಿಗೆ ತಿರುಗಿತು, ಬುಡದಲ್ಲಿ ಅಂಟು ಸುರಿಯಿತು. ಮತ್ತೆರಡು ವರ್ಷದಲ್ಲಿ ಮರ ಒಣಗಿ ನಿಂತಿತು. ಮಣ್ಣಿನಲ್ಲಿರುವ ರೋಗವೊಂದು ಕೌರಿಗಳನ್ನು ಕೊಲ್ಲುತ್ತದೆಂದೂ, ಬೂಟಿಗೋ ಗುದ್ದಲಿಗೋ ಅಂಟಿದ ಒಂದು ಚಿಟಿಕೆ ಮಣ್ಣಿನಿಂದ ಹರಡುತ್ತದೆಂದೂ ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ವಿಚಾರಣೆ ನಡೆಯಿತು. ಒಂಬತ್ತು ಪುಟದ ವರದಿ ಎರಡು ಮಾತು ಹೇಳಿತು. ೨೦೦೧ರಲ್ಲಿ ಈ ರೋಗದ ವಿಷಯ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ನಕ್ಷೆಯಲ್ಲಿ ದೋಷವಿಲ್ಲ. ಸಲಕರಣೆಗಳನ್ನು ತೊಳೆಯದೆ ಬೇರೆ ಕಣಿವೆಯಿಂದ ತಂದು ಬಳಸಿದ್ದು ತಂಡದ ಮುಖ್ಯಸ್ಥೆಯ ಅಜಾಗರೂಕತೆ.

ಇದನ್ನು ಓದಿದ ಯಾರ ರಕ್ತವಾದರೂ ಕುದಿಯದೆ ಇರುವುದು ಹೇಗೆ? ಯಾರಿಗೂ ಗೊತ್ತಿರಲಿಲ್ಲವೆಂಬ ಮಾತು ನಕ್ಷೆ ಬರೆದವರನ್ನು ಕಾಯುವುದಾದರೆ, ಗುದ್ದಲಿ ಹಿಡಿದವರನ್ನು ಏಕೆ ಕಾಯುವುದಿಲ್ಲ? ಆ ಸಲಕರಣೆಗಳನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ವಾರವಾರವೂ ಸಾಗಿಸಲು ಆಜ್ಞೆ ಮಾಡಿದ್ದು ಯಾರ ಕಚೇರಿ? ಆ ದಾರಿ ಬೇಡವೆಂದು ಹೇಳಿದ ಒಬ್ಬರೇ ಒಬ್ಬರ ಹೆಸರನ್ನೇ ಹುಡುಕಿ ತಪ್ಪಿನ ಮುಂದೆ ಬರೆಯುವುದಕ್ಕೆ ಎಂಥ ಎದೆ ಬೇಕು? ಹುಹಾನಾ ಅವರು ತಮ್ಮ ಡೈರಿಯನ್ನು ಒಪ್ಪಿಸಿದ್ದರು. ವಿಷಯಕ್ಕೆ ಸಂಬಂಧವಿಲ್ಲವೆಂದು ಅದು ತೆರೆಯದ ಲಕೋಟೆಯಲ್ಲೇ ಹಿಂದಿರುಗಿತು.

ಅವರು ವಾದಿಸಲಿಲ್ಲ. ಗೆಳತಿಯರು ಒತ್ತಾಯಿಸಿದಾಗ, “ಅವರು ಬರೆದದ್ದು ಸುಳ್ಳೇ. ಆದ್ರೂ ಗುದ್ದಲಿ ನನ್ನ ಕೈಲೇ ಇತ್ತಲ್ಲ,” ಎಂದರು. ಮಾಡದ ತಪ್ಪಿಗೂ ನೋಯುವ ಈ ಒಳ್ಳೆಯತನವನ್ನೇ ಕಚೇರಿ ಒಪ್ಪಿಗೆಯೆಂದು ಎಣಿಸಿತು.

ಆ ಬಳಿಕದ ಎಂಟು ವರ್ಷ ಅವರು ದುಡಿದದ್ದು ಅಜ್ಜಿಯ ಸುತ್ತಲಿನ ಎಳೆಯ ಕೌರಿಗಳಿಗಾಗಿ. ಹಿಂದೆ ಕಿತ್ತ ಗೂಟಗಳ ಜಾಗದಲ್ಲಿಯೇ ನಾನೂರು ಮೀಟರಿನ ಸುತ್ತುದಾರಿ ಕೊನೆಗೂ ಎದ್ದಿತು, ಬೇರು ಮುಟ್ಟದಂತೆ ಹಲಗೆಯ ಮೇಲೆ. ಕಾಡಿನ ಬಾಯಲ್ಲಿ ಬೂಟು ತೊಳೆಯುವ ಕಟ್ಟೆ ಬಂತು. ಓಟದ ದಿನ ಸರತಿಯ ಗೊಣಗಾಟ ಕೇಳಿ ಅವರು ತಾವೇ ಮಂಡಿಯೂರಿ ಬ್ರಷ್ ಹಿಡಿದರು.

“ಆಂಟಿ, ಎರಡು ನಿಮಿಷ ಹೋಯ್ತು ನಂದು,” ಎಂದು ಓಟಗಾರನೊಬ್ಬ ಸಿಡುಕಿದ.

“ಆರುನೂರು ವರ್ಷ ಹೋಯ್ತಪ್ಪ ಅಜ್ಜೀದು. ಇನ್ನೊಂದು ಕಾಲು ಕೊಡು.”

ಅವನು ಕಾಲು ಕೊಟ್ಟ. ಆ ದಿನ ಇನ್ನೂರ ಎಪ್ಪತ್ತು ಜನ ಕೊಟ್ಟರು. ಆ ಎಳೆಯ ಮರಗಳಲ್ಲಿ ಇದುವರೆಗೆ ಒಂದೂ ಹಳದಿಯಾಗಿಲ್ಲ.

ಅವರ ನಿವೃತ್ತಿಯ ವಾರದಲ್ಲೇ ಕಚೇರಿ ಆ ಸುತ್ತುದಾರಿಯನ್ನು ವಿಧ್ಯುಕ್ತವಾಗಿ ತೆರೆಯಿತು. ಫಲಕದ ಮೇಲೆ ಹನ್ನೊಂದು ಹೆಸರುಗಳಿವೆ. ನಕ್ಷೆಗೆ ಸಹಿ ಹಾಕಿದ ಅಧಿಕಾರಿಯದು ಮೂರನೆಯದು. ಹುಹಾನಾ ರೆವೆತಿ ಎಂಬ ಹೆಸರಿಲ್ಲ. ಸಾಲದ್ದಕ್ಕೆ ಆ ಫಲಕವನ್ನು ಎಳೆಯದೊಂದು ತೊತಾರಾ ಮರಕ್ಕೆ ನಾಲ್ಕು ಮೊಳೆ ಹಾಕಿ, ನಾಲ್ಕನ್ನೂ ತಲೆಮಟ್ಟ ಹೊಡೆದಿದ್ದರು.

ಮುಂದಿನ ಮಂಗಳವಾರ ಬೆಳಿಗ್ಗೆ ಬೆರಿಲ್ ಅವರ ಮಗಳು ಜೋಸ್ಲಿನ್ ಓಡುತ್ತ ಬಂದಾಗ ಹುಹಾನಾ ಅವರು ಸುತ್ತಿಗೆಯ ಕೊಕ್ಕನ್ನು ಆ ಫಲಕದ ಮೊಳೆಗೆ ಸಿಕ್ಕಿಸಿ ನಿಂತಿದ್ದರು.

“ಕಿತ್ತು ಬಿಸಾಕಿ ಆಂಟಿ, ನಾನೂ ಕೈ ಹಾಕ್ತೀನಿ,” ಎಂದಳು ಜೋಸ್ಲಿನ್.

“ಯಾಕೆ ಕೀಳಲಿ? ಅವರ ಹೆಸರು ಅವರಿಗಿರಲಿ. ಮರಕ್ಕೆ ನೋಯುತ್ತೆ ಕಣೇ, ಅಷ್ಟೇ.”

ನಾಲ್ಕು ಮೊಳೆಗಳನ್ನೂ ಒಂದೊಂದು ಬೆರಳು ಹೊರಗೆಳೆದು, ಫಲಕ ವಾಲದಂತೆ ನೇರ ಮಾಡಿ, ಅವರು ಮನೆಗೆ ನಡೆದರು.

ಅವರ ಹೆಸರು ಆ ಫಲಕಕ್ಕೆ ಬೇಕಾಗಿಲ್ಲ. ಆದರೆ ಆ ಷರಾ ಹೋಗಬೇಕು. ಅವರ ಕಡತಕ್ಕೆ ಅದನ್ನು ತಲೆಮಟ್ಟ ಹೊಡೆದು ಎಂಟು ವರ್ಷವಾಯಿತು. ಅದನ್ನು ಅವರು ತಾವಾಗಿ ಎಳೆಯುವವರಲ್ಲ. ಆದ್ದರಿಂದ ಈ ಗ್ರಂಥದ ಮೊದಲ ಪ್ರತಿ, ಅವರ ಡೈರಿಯ ಆ ಪುಟದ ನಕಲಿನೊಂದಿಗೆ, ವಲಯ ಕಚೇರಿಗೆ ಹೋಗುತ್ತಿದೆ. ಈ ಸಲ ಲಕೋಟೆ ತೆರೆಯಲಿ.

ಹುಹಾನಾ ರೆವೆತಿಯವರ ಮಂಡಿಗಳು ಗಟ್ಟಿಯಾಗಿರಲಿ, ಸುತ್ತಿಗೆ ಕೈಯಲ್ಲಿರಲಿ. ಆ ಎಳೆಯ ತೊತಾರಾ ಬೆಳೆದು ಅವರು ಬಿಟ್ಟ ಒಂದು ಬೆರಳಿನ ಜಾಗವನ್ನು ತುಂಬಲಿ. ಅವರು ಹೋಗಿ ಮೊಳೆಯನ್ನು ಮತ್ತೆ ಎಳೆಯಲಿ. ಅದು ಮತ್ತೆ ತುಂಬಲಿ. ಅವರ ಆಯುಸ್ಸನ್ನು ನಾವು ಬೇಡುವುದು ಆ ಅಳತೆಯಲ್ಲಿ.