ಮೇಷ್ಟ್ರು ಬಿಚ್ಚಿದ ಹಗ್ಗ

ನಶ್ಯ ಹಿಡಿದು ಹಿಡಿದು ಕಂದುಬಣ್ಣಕ್ಕೆ ತಿರುಗಿದ್ದ ಮೇಷ್ಟ್ರ ಆ ಎರಡು ಬೆರಳುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕುರ್ಚಿ ಕೊಟ್ಟರೆ ಕೂರುವ ಮೊದಲು ಅದರ ಕಾಲು ಅಲ್ಲಾಡಿಸಬೇಕು. ಬಾಗಿಲಿಗೆ ಬಂದರೆ ಚೌಕಟ್ಟು ಅಲ್ಲಾಡಿಸಬೇಕು. ನಮ್ಮ ಅಜ್ಜಿಯ ಊರುಗೋಲನ್ನೂ ಬಿಟ್ಟವರಲ್ಲ, ಅದೂ ಅಜ್ಜಿ ಅದನ್ನು ಊರಿಕೊಂಡು ನಿಂತಿದ್ದಾಗ. ಹಲಸೂರಿನ ನಮ್ಮ ವಠಾರದ ಕೊನೆಯ ಮನೆಯಲ್ಲಿ ಒಂಟಿಯಾಗಿದ್ದ ಈ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಕೈಗೆ ನಾನು ಬಿದ್ದದ್ದು ನನ್ನ ಹಣೆಬರಹ.

ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿದ್ದೆ. "ಇನ್ನೊಂದ್ಸಲ ನೋಡ್ತೀನಿ. ಆಮೇಲೆ ಪುಸ್ತಕ ಕಟ್ಟಿಟ್ಟು ಒಲೆ ಮುಂದೆ ಕೂತ್ಕೋ," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದು ಎರಡನೇ ಮಹಾಯುದ್ಧದ ಕಾಲ. ದಂಡಿನ ಆಫೀಸುಗಳಲ್ಲಿ ಹೆಣ್ಣುಮಕ್ಕಳನ್ನೂ ಟೈಪಿಂಗ್ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಪಾಸಾದರೆ ನನಗೂ ಒಂದು ದಾರಿಯಿತ್ತು. ಮೇಷ್ಟ್ರಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಒಂದೇ ಒಂದು ಪದ ಹಿಡಿದು ಕೂತರು: ಸ್ಟ್ರಕ್ಚರ್.

"ಸ್ಟ್ರಕ್ಚರ್ ಅಂದ್ರೆ ರಚನೆ," ಎಂದೆ, ಮುಗಿಯಿತೆಂದುಕೊಂಡು.

"ಅದು ಡಿಕ್ಷನರಿ ಹೇಳಿದ್ದಮ್ಮ. ಯಾವುದು ಯಾವುದನ್ನ ಹಿಡಿದು ನಿಲ್ಲಿಸಿದೆ, ನೀನೇ ನೋಡಿ ಹೇಳು. ಮನೇಲಿ ದುಡಿಸದೆ ಇರೋ ಪದ ನಿನ್ನದಲ್ಲ."

ಸರಿ, ಮಂಚ ಆಯಿತು, ಕೊಡೆ ಆಯಿತು, ಒಲೆ ಆಯಿತು, ಕೊನೆಗೆ ನನ್ನ ಜಡೆಯನ್ನೂ ಬಿಡಲಿಲ್ಲ. ಎಲ್ಲದರ ಸ್ಟ್ರಕ್ಚರನ್ನೂ ಇಂಗ್ಲಿಷಿನಲ್ಲಿ ವಿವರಿಸಬೇಕು. ನಾನು ಎರಡು ಪದ ತೊದಲಿ ನಿಲ್ಲುವುದು, ಅವರು ನಶ್ಯ ಏರಿಸಿ ಕಾಯುವುದು. "ಮೇಷ್ಟ್ರೇ, ನಾಲ್ಕು ಪ್ರಬಂಧನಾದ್ರೂ ಬಾಯಿಪಾಠ ಮಾಡಿಸಿ," ಎಂದು ಅಂಗಲಾಚಿದರೆ, "ಮಾಡೋಣಂತೆ. ಮೊದ್ಲು ಆ ಒಲೆ ಮುಗಿಸು," ಎನ್ನುತ್ತಿದ್ದರು. ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಅಷ್ಟರಲ್ಲಿ ಅಕ್ಕನ ಮದುವೆ ಬಂತು. ವರ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಬೀಗರ ಕಡೆಯ ಅರ್ಧ ಜನ ಅಲ್ಲಿ ದುಡಿಯುವವರೇ. ಮನೆಯ ಮುಂದೆ ಬಿದಿರಿನ ಚಪ್ಪರ ಹಾಕಿಸಿದ್ದೆವು. ಬೀಗರು ಪಾನಕ ಕುಡಿಯುತ್ತಾ ಕೂತಿದ್ದಾಗ ಮೇಷ್ಟ್ರು ಎದ್ದು ನಿಂತು, ವಿಮಾನ ಕಟ್ಟುವ ಜನಕ್ಕೇ ಸ್ಟ್ರಕ್ಚರ್ ಪಾಠ ಶುರುಮಾಡಿದರು! ಮಾವಿನ ಸೊಪ್ಪು, ಬಾಳೆಕಂದು ಎಲ್ಲ ಬರೀ ಅಲಂಕಾರ ಎಂದರು. ಕಂಬಗಳನ್ನು ಒಂದೊಂದಾಗಿ ಅಲ್ಲಾಡಿಸಿದರು. ಮೂಲೆಯ ಕಂಬದಿಂದ ಪಕ್ಕದ ಮರಕ್ಕೆ ಬಿಗಿದು ಕಟ್ಟಿದ್ದ ಒಂದು ಹಗ್ಗ ಅವರ ಕಣ್ಣಿಗೆ ಬಿತ್ತು. ಬೆಳಿಗ್ಗೆ ಅಜ್ಜಿ ಅದರ ಮೇಲೆ ತನ್ನ ಸೀರೆ ಒಣಹಾಕಿದ್ದಳು ಎನ್ನುವುದು ನಿಜ.

"ಇದು ಬಟ್ಟೆ ಒಣಗಿಸೋ ಹಗ್ಗ. ಇದು ಸ್ಟ್ರಕ್ಚರ್‌ಗೆ ಸೇರಿದ್ದಲ್ಲ, ನೋಡಿ ಬೇಕಾದ್ರೆ," ಎನ್ನುತ್ತಾ ಗಂಟು ಬಿಚ್ಚಿದರು.

ಚಪ್ಪರದವನು "ಅಯ್ಯೋ ಸಾಮಿ, ವೇಣಾಂ, ಬಿಚ್ಬೇಡಿ!" ಎಂದು ಕೂಗುವಷ್ಟರಲ್ಲಿ ಚಪ್ಪರ ವಾಲಿ, ಹೊದಿಸಿದ್ದ ತೆಂಗಿನ ಗರಿ ಸಮೇತ ಬೀಗರ ತಲೆಯ ಮೇಲೆ ಕೂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬೀಗರ ಕೈಕಾಲು ಹಿಡಿದು, ನಡುಮನೆಯಲ್ಲೇ ತಾಳಿ ಕಟ್ಟಿಸಿದ್ದಾಯಿತು. "ರೀ ಮೇಷ್ಟ್ರೇ, ಇನ್ನು ಈ ಹೊಸ್ತಿಲು ತುಳಿದ್ರೆ ನೋಡಿ!" ಎಂದು ಅಪ್ಪ ಗುಡುಗಿದರು. ಅಲ್ಲಿಗೆ ನನ್ನ ಪಾಠವೂ ನಿಂತಿತು. ಪರೀಕ್ಷೆ ಹತ್ತಿರ ಬಂದಿತ್ತು.

ಮದುವೆಯ ಗಲಾಟೆ ಇಳಿದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಬೀದಿಯ ಕಡೆಯ ಕಿಟಕಿಯ ಹತ್ತಿರ ಬಂದು ನಿಂತರು. ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡೆ. ಅವರು ಕಿಟಕಿಯ ಸರಳೊಂದನ್ನು ಅಲ್ಲಾಡಿಸಿ ನೋಡಿ, "ಚಪ್ಪರ ಯಾಕೆ ಬಿತ್ತು? ಇಂಗ್ಲಿಷಲ್ಲಿ ಹೇಳು," ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಬಿಕಾಸ್ ಯು ಅನ್‌ಟೈಡ್ ದಿ ರೋಪ್, ಸರ್!" ಎಂದು ಕಿರುಚಿದೆ. ಆಮೇಲೆ ಬಾಯಿ ನಿಲ್ಲಲಿಲ್ಲ. ಆ ಹಗ್ಗ ಕಂಬವನ್ನು ಹಿಡಿದಿತ್ತು, ಆ ಕಂಬ ಅಡ್ಡಬಿದಿರನ್ನು ಹೊತ್ತಿತ್ತು, ಅದೂ ಸ್ಟ್ರಕ್ಚರಿನ ಭಾಗವೇ, ಸೀರೆ ನೇತುಹಾಕಿದ್ದರೆಂದು ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಅಕ್ಕನ ಮದುವೆ ಕೆಡಿಸಿದಿರಿ, ಈಗ ನಾನೂ ಫೇಲಾಗುತ್ತೇನೆ. ಇಷ್ಟನ್ನೂ ಇಂಗ್ಲಿಷಿನಲ್ಲೇ ಅಂದೆ, ಅಳುತ್ತಾ, ಒಂದು ಕಡೆಯೂ ತಡವರಿಸದೆ.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ವ್ಯಾಕರಣದ ಒಂದೆರಡು ತಪ್ಪು ತಿದ್ದಿದರು, ಅದನ್ನು ಮಾತ್ರ ಬಿಡಲಿಲ್ಲ. "ಈಗ ಪದ ನಿನ್ನದಾಯ್ತಮ್ಮ," ಎಂದರು. ಸರಳಿನಿಂದ ಕೈ ತೆಗೆದು, "ಆ ಹಗ್ಗ ಹಿಡಿದಿರೋದು ನನ್ನ ಕಣ್ಣಿಗೆ ಕಾಣ್ಲೇ ಇಲ್ವಲ್ಲ," ಎಂದು ಹೊರಟುಹೋದರು.

ನಾನು ಪಾಸಾದೆ. ದಂಡಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆದೆ. ಮನೆಗೆ ನನ್ನ ಸಂಬಳ ಬಂದರೂ ಅಪ್ಪ ಮಾತ್ರ ಮೇಷ್ಟ್ರನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಪಾಠಗಳೆಲ್ಲ ಕಿಟಕಿಯಲ್ಲೇ ಮುಂದುವರಿದವು.

ಯುದ್ಧ ಮುಗಿದ ಮೇಲೆ ಒಂದು ದಿನ ಮೇಷ್ಟ್ರು ನಿದ್ದೆಯಲ್ಲೇ ಹೋಗಿಬಿಟ್ಟರು. ವಠಾರದ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಹೂವಿಗೆ ಅಡ್ಡವಾಗುತ್ತದೆಂದು ಒಬ್ಬ ಮೂಲೆಯ ಹಗ್ಗ ಬಿಚ್ಚಲು ಕೈ ಹಾಕಿದ. ನಾನು ಹೆಂಗಸರ ಗುಂಪಿನಿಂದ ಎದ್ದು ಬಂದು, "ಅದನ್ನ ಬಿಚ್ಚಬೇಡಪ್ಪ. ಅದೇ ಹಿಡಿದಿರೋದು," ಎಂದೆ.

ದೂರ ನಿಂತಿದ್ದ ಅಪ್ಪ ಹತ್ತಿರ ಬಂದರು. ಬಗ್ಗಿ, ಚಟ್ಟದ ಬಿದಿರು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಆಮೇಲೆ ತಾವೇ ಮೊದಲು ಹೆಗಲು ಕೊಟ್ಟರು.