ಅತ್ತೆಯ ಎಡ ಅಂಗೈ

ನಮ್ಮತ್ತೆಗೆ ಸಿಟ್ಟು ಬಂದರೆ ಪೂಜೆ ಉದ್ದವಾಗುತ್ತದೆ. ಸಮಾಧಾನದ ದಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಚಹಾ ಕುದಿಯುವಷ್ಟರಲ್ಲಿ ಏಳುತ್ತಾರೆ. ಯಾರ ಮೇಲಾದರೂ ಮುನಿಸಿದ್ದರೆ ಅಡುಗೆ ಮುಗಿದರೂ ಏಳುವುದಿಲ್ಲ. ಪೂಜೆಯಲ್ಲಿ ಅವರು ಮಾತಾಡುವುದಿಲ್ಲವಲ್ಲ, ನಮ್ಮ ಜೊತೆ ಮಾತು ಬಿಡಲು ಅದಕ್ಕಿಂತ ಮರ್ಯಾದಸ್ಥ ದಾರಿ ಇನ್ನೊಂದಿಲ್ಲ. ಶಿವನನ್ನೂ ತಮ್ಮ ಪಾರ್ಟಿಗೆ ಸೇರಿಸಿಕೊಂಡು ಜಗಳ ಮಾಡುತ್ತಾರೆ ಎಂದು ನಾನು ಗಂಡನ ಹತ್ತಿರ ಗೊಣಗುತ್ತಿದ್ದೆ.

ಆದರೆ ಆ ಎಡಗೈಯ ಬಗ್ಗೆ ನನಗೂ ಹೆಮ್ಮೆಯಿತ್ತು. ಎಪ್ಪತ್ತು ದಾಟಿದ ಕೈ. ಎದೆಯ ಮಟ್ಟಕ್ಕೆ ಎತ್ತಿ ಹಿಡಿದರೆ ಎಷ್ಟು ಹೊತ್ತಾದರೂ ಚೂರೂ ಅಲುಗುತ್ತಿರಲಿಲ್ಲ. ಫೋನ್ ಹಿಡಿದು ನಾಲ್ಕು ಮೆಸೇಜ್ ಓದಿದರೆ ನನಗೆ ತೋಳು ನೋಯುತ್ತದೆ. ಗದಗದ ಕಡೆಯಿಂದ ಈ ರಾಜಗೋಪಾಲನಗರಕ್ಕೆ ಬಂದಾಗ ಅತ್ತೆ ಹೊಲ ಬಿಟ್ಟು ಬಂದರು, ಎಮ್ಮೆ ಬಿಟ್ಟು ಬಂದರು. "ಇದೊಂದು ನನ್ನ ಕೈಯಾಗ ಐತಿ, ಸಾಕು" ಎನ್ನುತ್ತಿದ್ದರು. ಮಾತಿಗೆ ಹೇಳುತ್ತಿದ್ದುದಲ್ಲ, ನಿಜವಾಗಿಯೂ ಅವರಿಗೆ ಅಷ್ಟೇ ಸಾಕಾಗಿತ್ತು.

ಅದು ಶ್ರಾವಣದ ಸೋಮವಾರ. ಪೀಣ್ಯದ ಕಂಪನಿಯಲ್ಲಿ ನನಗೆ ಅಕೌಂಟ್ಸ್ ಕೆಲಸ, ಹೊರಡುವ ಗಡಿಬಿಡಿಯಲ್ಲಿದ್ದೆ. ಅತ್ತೆ ಬಿಪಿ ಮಾತ್ರೆ ನುಂಗಿರಲಿಲ್ಲ. ಉಪವಾಸದ ದಿನ ಅವರ ಪ್ರಕಾರ ಮಾತ್ರೆಗೂ ಉಪವಾಸ.

"ಪೂಜಿಕ್ಕಿಂತ ಮೊದ್ಲ ಬಾಯಾಗ ಏನೂ ಹಾಕಂಗಿಲ್ಲ. ಗುಳಿಗಿ ಏನ್ ಎದ್ದು ಓಡಿ ಹೋಗ್ತೈತೇನ?"

"ನಿಮ್ಮ ಬಿಪಿಗೆ ಸೋಮವಾರ, ಮಂಗಳವಾರ ಏನು ಗೊತ್ತು ಅತ್ತೆ? ಒಂದು ಗುಟುಕು ನೀರಲ್ಲಿ ನುಂಗಿಬಿಡಿ."

"ನಿನ್ನ ತವರಮನ್ಯಾಗ ಸೋಮಾರ ಅನ್ನೂದ ಇಲ್ಲೇನ?"

ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಯ ಕೆಳಗಿನ ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ಶುರುವಾಯಿತು. ಅದರ ಸದ್ದಿಗಿಂತ ಮೇಲೆ ದನಿ ಏರಿಸಿ ಅತ್ತೆ ನನ್ನ ತವರಿನ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಿದರು. ನಾನೂ ಬಿಡಲಿಲ್ಲ. ಆಮೇಲೆ ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು ಹಾಲ್‌ನ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತರು. ಪೂಜೆ ಇವತ್ತು ಸಂಜೆಯ ತನಕ ಎಂದುಕೊಂಡೆ.

ಡಬ್ಬಿ ಕಟ್ಟಿ, ತಲೆ ಬಾಚಿ, "ಬರ್ತೀನಿ ಅತ್ತೆ" ಎಂದೆ. ಎಷ್ಟೇ ಸಿಟ್ಟಿದ್ದರೂ ಹೊರಗೆ ಹೋಗುವವರಿಗೆ ಅವರು ತಲೆ ಆಡಿಸದೆ ಇರುವುದಿಲ್ಲ. ಈ ಸಲ ಆಡಿಸಲಿಲ್ಲ. ಗಂಡ ಪೇಪರಿನಿಂದ ತಲೆ ಎತ್ತದೆ, "ಸುಮ್ನ ಹೋಗು. ಸಿಟ್ಟೈತಿ. ತಾನ ಇಳೀತೈತಿ" ಅಂದ.

ಚಪ್ಪಲಿಗೆ ಕಾಲು ತೂರಿಸಿದವಳು ಒಮ್ಮೆ ತಿರುಗಿ ನೋಡಿದೆ. ಅತ್ತೆಯ ಎಡಗೈ ತೊಡೆಯ ಹತ್ತಿರಕ್ಕೆ ಇಳಿದಿತ್ತು. ಬಲಗೈಯಿಂದ ಅದನ್ನು ಕೆಳಗಿನಿಂದ ಆನಿಸಿ ಹಿಡಿದಿದ್ದರು. ಲಿಂಗ ವಾಲಿಕೊಂಡಿತ್ತು. ಸಿಟ್ಟಿನಲ್ಲಿ ಈ ಹೆಂಗಸು ನನ್ನನ್ನು ಬೇಕಾದರೆ ಬಿಟ್ಟಾರು, ಆ ಅಂಗೈಯನ್ನು ಇಳಿಸುವವರಲ್ಲ.

ಓಡಿಹೋಗಿ ಎದುರು ಕೂತೆ. ಬಾಯಿಯ ಎಡ ಮೂಲೆ ಜೋತುಬಿದ್ದಿತ್ತು. ಕಂಪನಿಯ ಸುರಕ್ಷತಾ ಸಪ್ತಾಹದಲ್ಲಿ ಒಬ್ಬ ನರ್ಸ್ ಬಂದು ಪಾರ್ಶ್ವವಾಯುವಿನ ಬಗ್ಗೆ ಹೇಳಿದ್ದರು. ನಾವೆಲ್ಲ ಸಮೋಸಾ ಯಾವಾಗ ಬರುತ್ತದೆಂದು ಕಾಯುತ್ತಿದ್ದೆವು, ಆದರೂ ಮುಖ, ಕೈ, ಮಾತು ಎಂಬ ಮೂರು ತಲೆಯಲ್ಲಿ ಉಳಿದಿದ್ದವು.

"ಅತ್ತೆ, ಒಂದ್ಸಲ ನಗಿ."

ಅರ್ಧ ಮುಖ ಮಾತ್ರ ನಕ್ಕಿತು. ಏನಾಗ್ತಿದೆ ಹೇಳಿ ಎಂದೆ. ಬಿಸಿ ಉಪ್ಪಿಟ್ಟು ಬಾಯಲ್ಲಿಟ್ಟುಕೊಂಡವರ ಹಾಗೆ ಏನೋ ಅಂದರು, ನಾಲಿಗೆಯೇ ಹೊರಳಲಿಲ್ಲ. ಕೈ ಎತ್ತಿ ಎಂದು ಬೇರೆ ಕೇಳಬೇಕಿರಲಿಲ್ಲ.

ಗಂಡ ಬೆಲ್ಲದ ನೀರು ತಂದ. "ಉಪಾಸಕ್ಕ ತಲಿ ಸುತ್ತಿರಬೇಕು. ಕುಡಿಸಿ ಸ್ವಲ್ಪ ಮಲಗಸೂಣು."

"ಏನೂ ಕುಡಿಸಬೇಡ್ರೀ! ಗಂಟಲಲ್ಲಿ ಸಿಕ್ಕಿಹಾಕ್ಕೊಂಡ್ರೆ? ನೂರಾ ಎಂಟಕ್ಕೆ ಫೋನ್ ಮಾಡ್ರೀ ಮೊದ್ಲು!" ಎಂದು ಕಿರುಚಿದೆ. ನನ್ನ ಸಂಸಾರದಲ್ಲಿ ಆ ಮನುಷ್ಯ ಮರುಮಾತಾಡದೆ ನನ್ನ ಮಾತು ಕೇಳಿದ್ದು ಆವತ್ತೇ.

ಆಂಬ್ಯುಲೆನ್ಸ್ ಬರುವವರೆಗೆ ಅತ್ತೆ ಲಿಂಗವನ್ನು ಬಿಡಲಿಲ್ಲ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಾನು ಅದರ ಬಟ್ಟೆಯನ್ನು ಬಿಚ್ಚಿ ಹಿಡಿದೆ. ಅವರು ಬಲಗೈಯೊಂದರಲ್ಲೇ ಲಿಂಗ ತೆಗೆದು ಅದರೊಳಗೆ ಇಟ್ಟರು. ಎಡಗೈ ಯಾರದೋ ಬಿಟ್ಟುಹೋದ ಸಾಮಾನಿನಂತೆ ಮಡಿಲಲ್ಲಿ ಬಿದ್ದಿತ್ತು. ಅದನ್ನೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ಕೊನೇ ಸಲ ಇವರು ಪೂರ್ತಿ ಚೆನ್ನಾಗಿದ್ದಿದ್ದು ಯಾವಾಗ? ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಟೈಮ್ ಗೊತ್ತಾಗದೆ ಕ್ಲಾಟ್ ಕರಗಿಸೋ ಇಂಜೆಕ್ಷನ್ ಕೊಡೋಕೆ ಕಷ್ಟ ಆಗುತ್ತೆ."

ಗಂಡ ನನ್ನ ಮುಖ ನೋಡಿದ. ಮೌನವಾಗಿ ಕೂತ ತಾಯಿ ಯಾವ ಗಳಿಗೆಯಲ್ಲಿ ಮಾತು ಕಳೆದುಕೊಂಡಳೆಂದು ಯಾರು ಹೇಳಬೇಕು?

"ಎಂಟೂವರೆ ಮೇಡಂ," ಎಂದೆ ನಾನು. "ಕೆಳಗಡೆ ಮಷೀನ್ ಶುರುವಾಗೋದೇ ಎಂಟೂವರೆಗೆ. ಆಗ ನನ್ನ ತವರುಮನೆಯವರನ್ನೆಲ್ಲ ಬೈದ್ರು. ಒಂದಕ್ಷರ ತಪ್ಪಿಲ್ಲ."

ಅವರು ನಗಲಿಲ್ಲ. ಬರೆದುಕೊಂಡು, "ಬೇಗ ಬಂದಿದೀರ" ಎಂದಷ್ಟೇ ಹೇಳಿ ಸ್ಕ್ಯಾನಿಂಗಿಗೆ ಕಳಿಸಿದರು. ಮೆದುಳಿನಲ್ಲಿ ರಕ್ತಸ್ರಾವ ಇರಲಿಲ್ಲ, ಇಂಜೆಕ್ಷನ್ ಕೊಟ್ಟರು. ಅತ್ತೆಯ ಜೊತೆ ಆಡಿದ ಯಾವ ಜಗಳಕ್ಕೂ ನಾನು ಅಷ್ಟು ಋಣಿಯಾಗಿರಲಿಲ್ಲ.

ಮಾತು ಬೇಗ ಮರಳಿತು. ಎಡಗೈ ಮಾತ್ರ ಹಟ ಹಿಡಿಯಿತು. ವಾರ್ಡಿನಲ್ಲಿ ಅತ್ತೆ ಒಂದು ಮಧ್ಯಾಹ್ನ, "ಈ ಕೈ ಬರಲಿಲ್ಲಂದ್ರ ಪೂಜಿ ಹ್ಯಾಂಗವಾ?" ಎಂದು ಕೇಳಿ ಅತ್ತುಬಿಟ್ಟರು. ಮಾವ ತೀರಿಕೊಂಡಾಗಲೂ ನನ್ನೆದುರು ಅತ್ತವರಲ್ಲ. ಆ ತಣ್ಣಗಿನ ಕೈಯನ್ನು ಉಜ್ಜುತ್ತಾ ಕೂತೆ.

ಮನೆಗೆ ಬಂದ ಮೇಲೆ ಫಿಸಿಯೋಥೆರಪಿಯವರು ಬಂದು ಸ್ಪಂಜಿನ ಚೆಂಡು ಹಿಸುಕಿಸಿದರು. ಅತ್ತೆ ಅವರನ್ನು ಬೈಯುತ್ತಲೇ ಹಿಸುಕಿದರು. ಮಾತ್ರೆಯನ್ನು ಈಗ ಸೋಮವಾರವೂ ನುಂಗುತ್ತಾರೆ, ನನ್ನ ಕಡೆ ನೋಡದೆ. ಬೆರಳು ಮಡಚಿದವು, ಮೊಣಕೈ ಎದ್ದಿತು. ಆದರೆ ಎತ್ತಿದ ಅಂಗೈ ನಿಲ್ಲುತ್ತಿರಲಿಲ್ಲ, ನಡುಗಿ ವಾಲುತ್ತಿತ್ತು. ಲಿಂಗ ಬಿದ್ದೀತೆಂಬ ಭಯಕ್ಕೆ ಅದನ್ನು ಬಿಚ್ಚಲೇ ಇಲ್ಲ, ಕೊರಳಲ್ಲಿದ್ದದ್ದನ್ನು ಹಾಗೇ ಕಣ್ಣಿಗೊತ್ತಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಅವರ ಪಕ್ಕ ಕೂತು, "ಲಿಂಗ ಮುಟ್ಟಲ್ಲ ಅತ್ತೆ. ನಿಮ್ಮ ಕೈ ಮುಟ್ಟಬಹುದಲ್ಲ?" ಎಂದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎಡಗೈ ಮುಂದೆ ಚಾಚಿದರು. ಅದರ ಅಡಿಗೆ ನನ್ನ ಅಂಗೈ ಕೊಟ್ಟೆ. ಬಲಗೈಯಿಂದ ಲಿಂಗ ತೆಗೆದು ಮೇಲಿಟ್ಟುಕೊಂಡರು. ಇಬ್ಬರ ಕೈಯೂ ಸೇರಿ ಎದೆಯ ಮಟ್ಟಕ್ಕೆ ಏರಿದವು. ಅವರು ಕಣ್ಣು ನೆಟ್ಟರು.

ಸ್ವಲ್ಪ ಹೊತ್ತಾದ ಮೇಲೆ ದೃಷ್ಟಿ ಕದಲಿಸದೆ ಅತ್ತೆ ಮೆಲ್ಲಗೆ ಹೇಳಿದರು:

"ನನ್ನ ಕೈ ಯಾಕ ನಡಗತೈತಿ ಅಂತ ಡಾಕ್ಟರ್ ಹೇಳ್ಯಾರ. ನಿನ್ನದ್ಯಾಕ ನಡಗಾಕತ್ತೈತಿ, ಯವ್ವಾ?"