ಪರಿಸ್ತಾನದ ಊಟ

ಅಮ್ಮಿನಬಾವಿಯ ಹಾಜರಾಬಿ ಕೌದಿ ಹೊಲಿಯುತ್ತ ಪರಿಸ್ತಾನದ ಕತೆ ಹೇಳತೊಡಗಿದರೆ ಓಣಿಯ ಮಕ್ಕಳೆಲ್ಲ ಬಂದು ಕೂಡುತ್ತಿದ್ದರು. ತಾಯಿಯಿಲ್ಲದ ಮೊಮ್ಮಗಳು ಅಫ್ರೀನ್ ಬೆಳೆದದ್ದೇ ರೆಕ್ಕೆಯ ಪರಿಗಳ ನಾಡಿನ ಆ ಕತೆಗಳಲ್ಲಿ. ಈಗ ಮಗ ಫಾರೂಕ ಮತ್ತೆ ಮದುವೆಯಾಗಿ ಮಗಳನ್ನು ನವನಗರಕ್ಕೆ ಕರೆದೊಯ್ದಿದ್ದ.

ಮರುದಿನವೇ ಹೊಸ ಸೊಸೆ ಬುಶ್ರಾಳ ಫೋನು ಬಂತು. "ಅತ್ತೀ, ನೀವು ಕಟ್ಟಿಕೊಟ್ಟ ಉಂಡಿ ಬಿಟ್ಟು ಏನೂ ತಿನವಲ್ಲಳ್ರಿ. ನನ್ನ ಕೈಯಡಗಿ ಮುಟ್ಟವಲ್ಲಳು."

ಹಾಜರಾಬಿ ಬಸ್ಸು ಹಿಡಿದು ಬಂದಳು. ತೊಡೆಯ ಮೇಲೆ ಕೂಡಿಸಿಕೊಂಡು ಕೇಳಿದಾಗ ಅಫ್ರೀನ್ ಪಿಸುಗುಟ್ಟಿದಳು: "ಪರಿಸ್ತಾನದಾಗ ಒಂದು ತುತ್ತು ಉಂಡ್ರೂ ಹೊಳ್ಳಿ ಮನಿಗೆ ಬರಾಕ ಆಗೂದಿಲ್ಲಂತ ನೀನ ಹೇಳಿದ್ದೆಲ್ಲ, ದಾದಿ. ಇಲ್ಲೂ ಹಂಗ ಆದ್ರ?"

ಹಾಜರಾಬಿಗೆ ನಗುವೂ ಬಂತು, ಕಣ್ಣೂ ತುಂಬಿತು. ತಾನು ಹೇಳಿದ ಕತೆಯನ್ನು ಸುಳ್ಳೆನ್ನಲು ಬಾಯಿ ಬರಲಿಲ್ಲ. ಬಿಸ್ಮಿಲ್ಲಾ ಎಂದು ಕುಳಿತು, ಬುಶ್ರಾ ಬಡಿಸಿದ ರೊಟ್ಟಿ ಪಲ್ಯ ಹೊಟ್ಟೆ ತುಂಬ ಉಂಡಳು.

"ನೋಡವಾ, ನಾ ಉಂಡೆ. ಇನ್ನ ಊರಿಗೆ ಹೊಂಟೆ. ಮುಟ್ಟಿದ ಕೂಡ್ಲೆ ಫೋನ್ ಹಚ್ಚತೇನಿ."

"ಈಗ ಬಂದು ಈಗ ಹೊಂಟ್ರೇನ್ರಿ?" ಎಂದಳು ಬುಶ್ರಾ.

"ಹೋಗಬೇಕವಾ. ಇಲ್ಲಾಂದ್ರ ಇಕಿ ಉಪವಾಸ ಬೀಳ್ತಾಳ."

ಊರಿಂದ ಫೋನ್ ಮಾಡಿದರೂ ಅಫ್ರೀನ್ ನಂಬಲಿಲ್ಲ. "ಖರೇ ಮನ್ಯಾಗ ಇದ್ರ ನಮ್ಮ ಆಡಿನ ದನಿ ಕೇಳಸು."

ಆಡು ತನ್ನ ಪಾಡಿಗೆ ಮೇಯುತ್ತಿತ್ತು. ಹಾಜರಾಬಿ ಫೋನನ್ನು ಅದರ ಮುಖಕ್ಕೆ ಹಿಡಿದು, ಮುಂದಿನ ಸೊಪ್ಪನ್ನು ಎಳೆದುಕೊಂಡಳು. ಆಡು ಓಣಿಗೆಲ್ಲ ಕೇಳುವಂತೆ ಒದರಿತು.

ಆ ಕಡೆ ಅಫ್ರೀನ್ ಫೋನು ಬಿಟ್ಟು ಓಡಿದ ಸದ್ದು ಕೇಳಿತು. "ಚಿಕ್ಕಮ್ಮಾ, ಲಗೂ ರೊಟ್ಟಿ ಹಾಕ್ರಿ!"